ಕಾರ್ಖಾನೆಯ ದಾದಿಯೂ ಕೇಳಲೇಬೇಕಾದ ಪ್ರಶ್ನೆಯೂ



ಆರೋಗ್ಯದ ಈ ಪುಟಗಳಲ್ಲಿ ಋತುಚರ್ಯೆ, ಪಥ್ಯಾಪಥ್ಯ, ಮಧುಮೇಹ, ಸಂಧಿವಾತ ಮೊದಲಾದ ವಿಷಯಗಳನ್ನು ಓದುವುದು ತಮಗೆ ರೂಢಿಯಾಗಿದೆ. ಈ ತಿಂಗಳು ನಾನು ಬರೆಯಹೊರಟಿರುವ ಸಂಕಟಕ್ಕೆ ಯಾವ ಕಷಾಯವೂ ಇಲ್ಲ, ಯಾವ ತೈಲವೂ ಇಲ್ಲ. ಅದು ಮನೆಯ ನಾಲ್ಕು ಗೋಡೆಗಳ ನಡುವೆ ಹೆಣ್ಣುಮಕ್ಕಳ ಮೇಲೆ ಬೀಳುವ ಪೆಟ್ಟಿನ ವಿಷಯ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವನು ನಾನು. ಮೂವತ್ತೆಂಟು ವರ್ಷ ರೋಗಿಗಳ ನಾಡಿ ಹಿಡಿದ ಮೇಲೆ, ಉಂಡು ಮಲಗಿದ ನಂತರವೂ ಮುಗಿಯದ ಜಗಳಗಳಿವೆಯೆಂದೂ, ಅವುಗಳ ಗುರುತನ್ನು ಮೈಮೇಲೆ ಹೊತ್ತು ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಡುವ ತಾಯಂದಿರಿದ್ದಾರೆಂದೂ ತಿಳಿದುಕೊಂಡಿದ್ದೇನೆ. ತಿಳಿದುಕೊಂಡದ್ದು ತಡವಾಗಿ, ಅದೂ ನನ್ನ ಜಾಣತನದಿಂದಲ್ಲ, ಒಬ್ಬ ದಾದಿಯಿಂದ.

ಆ ಅನುಭವವನ್ನೇ ಮೊದಲು ನಿವೇದಿಸುತ್ತೇನೆ.

ನನ್ನ ಚಿಕಿತ್ಸಾಲಯವಿರುವುದು ಒಂದು ತಾಲ್ಲೂಕು ಕೇಂದ್ರದಲ್ಲಿ. ಊರಿನ ಹೊರವಲಯದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯೊಂದಿದೆ. ಸುತ್ತಲಿನ ಹಳ್ಳಿಗಳಿಂದ ನೂರಾರು ಹೆಣ್ಣುಮಕ್ಕಳು ವ್ಯಾನುಗಳಲ್ಲಿ ತುಂಬಿಕೊಂಡು ಅಲ್ಲಿಗೆ ಬರುತ್ತಾರೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ, ಅಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ತಲೆನೋವೆಂದು ನನ್ನಲ್ಲಿಗೆ ಬಂದಳು. ಜೊತೆಯಲ್ಲಿ ಗಂಡನಿದ್ದ. ನಾನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಆತನೇ ಉತ್ತರ ಕೊಟ್ಟ. “ರಾತ್ರಿ ನಿದ್ದೆ ಮಾಡಲ್ಲ ಡಾಕ್ಟ್ರೇ, ಹೊಟ್ಟೆಗೆ ಸರಿಯಾಗಿ ತಿನ್ನಲ್ಲ, ಮಷೀನ್ ಮೇಲೆ ಬಗ್ಗಿ ಬಗ್ಗಿ ಹಿಂಗಾಗಿದೆ” ಎಂದ. ಆಕೆ ತಲೆಯಲ್ಲಾಡಿಸಿದಳು. ಹೆಂಡತಿಯನ್ನು ತಾನೇ ಕರೆದುಕೊಂಡು ಬಂದ ಒಳ್ಳೆಯ ಗಂಡನೆಂದು ನಾನು ಆತನನ್ನು ಮನಸ್ಸಿನಲ್ಲಿಯೇ ಮೆಚ್ಚಿಕೊಂಡೆ. ಪಥ್ಯಾದಿ ಕಷಾಯ ಬರೆದುಕೊಟ್ಟೆ. ಎರಡನೆಯ ಸಲ ಬೆನ್ನುನೋವು. ಧನ್ವಂತರ ತೈಲ ಕೊಟ್ಟೆ. ಮೂರನೆಯ ಸಲ ಎದೆ ಬಡಿತ, ನಿದ್ರಾನಾಶ; ಬ್ರಾಹ್ಮೀ ಘೃತ ಕೊಟ್ಟೆ. ನಾಲ್ಕನೆಯ ಸಲವೂ ಬಂದಳು. ನಾಲ್ಕು ಸಲವೂ ಗಂಡನೇ ಮಾತನಾಡಿದ.

ಐದನೆಯ ಸಲ ಆಕೆ ಬಂದದ್ದು ಮಧ್ಯಾಹ್ನದ ಊಟದ ವೇಳೆಯಲ್ಲಿ, ಕಾರ್ಖಾನೆಯ ದಾದಿಯ ಜೊತೆಗೆ. ಎಡಗಿವಿಯಿಂದ ನೀರು ಸೋರುತ್ತಿತ್ತು, ಕೇಳಿಸುವುದೂ ಮಂದವಾಗಿತ್ತು. ಕೆನ್ನೆಗೆ ಬಿದ್ದ ಏಟಿಗೆ ಕಿವಿಯ ತಮಟೆ ಹರಿದಿತ್ತು. ನಾನು ಕಿವಿ, ಮೂಗು, ಗಂಟಲು ತಜ್ಞರಿಗೆ ಪತ್ರ ಬರೆಯುತ್ತಿದ್ದಾಗ ಆ ದಾದಿ, ನನ್ನ ಮಗಳ ವಯಸ್ಸಿನವಳು, ಮೆಲ್ಲನೆ ಕೇಳಿದಳು: “ಡಾಕ್ಟ್ರೇ, ತಲೆನೋವು ಯಾತಕ್ಕೆ ಬರ್ತಿದೆ ಅಂತ ಇವಳನ್ನೇ ಒಂದು ಸಲ ಕೇಳಿದ್ರಾ?”

ನಾನು ಕೇಳಿರಲಿಲ್ಲ. ರೋಗಕ್ಕೆ ಕಾರಣವಾದುದನ್ನು ದೂರಮಾಡುವುದೇ ಮೊದಲ ಚಿಕಿತ್ಸೆ, ಅದೇ ನಿದಾನ ಪರಿವರ್ಜನವೆಂದು ವಿದ್ಯಾರ್ಥಿಯಾಗಿದ್ದಾಗ ಕಂಠಪಾಠ ಮಾಡಿದವನು ನಾನು. ಚರಕರು ಹೇಳಿದ ಆರು ಬಗೆಯ ಅತಿಸಾರಗಳಲ್ಲಿ ಒಂದು ಭಯದಿಂದ, ಇನ್ನೊಂದು ಶೋಕದಿಂದ ಹುಟ್ಟುತ್ತದೆಯೆಂದು ಪರೀಕ್ಷೆಯಲ್ಲಿ ಬರೆದವನು. ಆದರೂ ನನ್ನೆದುರಿಗೆ ಕುಳಿತಿದ್ದ ಭಯವನ್ನು ನಾನು ಗುರುತಿಸಲಿಲ್ಲ. ಕಾರಣವು ಆಕೆಯ ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿತ್ತು. ನಾನು ಅದರ ಬಾಯಿಂದಲೇ ರೋಗದ ವೃತ್ತಾಂತವನ್ನು ಕೇಳುತ್ತಿದ್ದೆ.

ಅಂದಿನಿಂದ ನನ್ನಲ್ಲಿ ಬೇರೂರಿದ ಅಭಿಪ್ರಾಯವೊಂದಿದೆ. ಮನೆಯಲ್ಲಿ ಪೆಟ್ಟು ತಿನ್ನುವ, ದುಡಿಯುವ ಹೆಣ್ಣುಮಗಳ ಸಂಕಟವನ್ನು ಮೊದಲು ಅರಿಯಬಲ್ಲವಳು ಅವಳು ದುಡಿಯುವ ಸ್ಥಳದ ದಾದಿ. ಆಕೆಗೆ ಆ ತರಬೇತಿಯನ್ನೂ, ಕೇಳುವ ಅಧಿಕಾರವನ್ನೂ, ಕೇಳಿದ ಮೇಲೆ ಬೆಂಬಲವನ್ನೂ ಕೊಡುವುದು ಉದ್ಯಮ ನಡೆಸುವವರ ಮತ್ತು ಸಮಾಜದ ಹಿರಿಯರ ಕರ್ತವ್ಯ.

ನಮ್ಮ ನಾಡಿನ ಸ್ಥಿತಿ

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯೆಂದು ಭಾವಿಸುವವರು ಒಂದು ಅಂಕಿಯನ್ನು ಗಮನಿಸಬೇಕು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ತಿಳಿಸಿದ್ದಾರೆ. ಇಡೀ ದೇಶದ ಪ್ರಮಾಣ ಶೇ. 29. ಶರಣರು ನಡೆದಾಡಿದ ಈ ನೆಲವು ಇಂಥ ಪಟ್ಟಿಯಲ್ಲಿ ಮುಂದಿರುವುದು ನಮಗೆ ತಲೆತಗ್ಗಿಸುವ ವಿಷಯ. ಅದೇ ಸಮೀಕ್ಷೆಯ ಮತ್ತೊಂದು ಅಂಶ ಇನ್ನೂ ಕಳವಳಕಾರಿ: ದೇಶದಲ್ಲಿ ಹಿಂಸೆಗೊಳಗಾದ ಮಹಿಳೆಯರ ಪೈಕಿ ನೆರವು ಕೋರಿದವರು ಶೇ. 14 ಮಾತ್ರ. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಯಾರಿಗೂ ಹೇಳಿಯೇ ಇಲ್ಲ. ತಾಯಿಗೂ ಹೇಳಿಲ್ಲ, ಒಡಹುಟ್ಟಿದವರಿಗೂ ಹೇಳಿಲ್ಲ.

ಹೇಳದಿರುವುದಕ್ಕೆ ಕಾರಣಗಳಿವೆ. ತವರಿಗೆ ಹೇಳಿದರೆ ಅಪ್ಪನ ರಕ್ತದೊತ್ತಡ ಏರೀತು. ಅತ್ತೆಗೆ ಹೇಳಿದರೆ ‘ನಾವೂ ಸಹಿಸಿಕೊಂಡೇ ಬಂದವರು’ ಎಂಬ ಮಾತು ಬಂದೀತು. ಪೊಲೀಸರ ಬಳಿಗೆ ಹೋದರೆ ಊರಿಗೆಲ್ಲ ಸುದ್ದಿ. ವೈದ್ಯರ ಬಳಿಗೆ ಗಂಡನೋ ಅತ್ತೆಯೋ ಜೊತೆಗೆ ಬರುತ್ತಾರೆ. ಹಾಗಾದರೆ ಆಕೆ ಒಬ್ಬಳೇ ಇರುವ ಸ್ಥಳ ಯಾವುದು? ದಿನಕ್ಕೆ ಎಂಟೊಂಬತ್ತು ಗಂಟೆ ದುಡಿಯುವ ಕಾರ್ಖಾನೆ. ಅಲ್ಲಿ ಗಂಡನಿಗೆ ಗೇಟಿನೊಳಗೆ ಪ್ರವೇಶವಿಲ್ಲ.

1948ರ ಕಾರ್ಖಾನೆಗಳ ಕಾಯ್ದೆಯು ಐದುನೂರಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಆಂಬುಲೆನ್ಸ್ ಕೊಠಡಿಯನ್ನೂ, ಅದಕ್ಕೆ ವೈದ್ಯಕೀಯ ಹಾಗೂ ಶುಶ್ರೂಷಾ ಸಿಬ್ಬಂದಿಯನ್ನೂ ಕಡ್ಡಾಯ ಮಾಡಿತು. ಹೀಗಾಗಿ ದೊಡ್ಡ ಗಾರ್ಮೆಂಟ್ಸುಗಳಲ್ಲಿ ಬಿಳಿಯ ಪರದೆ, ಒಂದು ಮಂಚ, ಒಂದು ಔಷಧದ ಬೀರು, ಎಲ್ಲರೂ ‘ಸಿಸ್ಟರ್’ ಎಂದು ಕರೆಯುವ ಒಬ್ಬ ದಾದಿ ಇದ್ದೇ ಇರುತ್ತಾರೆ. ತಲೆಸುತ್ತು, ಮುಟ್ಟಿನ ನೋವು, ಬೆರಳಿಗೆ ಸೂಜಿ ಚುಚ್ಚಿದ್ದು ಎಲ್ಲಕ್ಕೂ ಹೆಣ್ಣುಮಕ್ಕಳು ಹೋಗುವುದು ಅಲ್ಲಿಗೇ. ಆ ಕೊಠಡಿಗೆ ಬರುವುದಕ್ಕೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ, ಯಾರೂ ಅನುಮಾನಿಸುವುದಿಲ್ಲ. ಇಂಥ ಅನುಕೂಲ ಪೊಲೀಸ್ ಠಾಣೆಗೂ ಇಲ್ಲ, ನ್ಯಾಯಾಲಯಕ್ಕೂ ಇಲ್ಲ.

ಶಾಸ್ತ್ರದಲ್ಲಿ ದಾದಿಯ ಸ್ಥಾನ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆಯುರ್ವೇದ ಹೇಳುತ್ತದೆ: ವೈದ್ಯ, ಔಷಧ, ಉಪಸ್ಥಾತಾ ಮತ್ತು ರೋಗಿ. ಉಪಸ್ಥಾತಾ ಎಂದರೆ ಬಳಿಯಲ್ಲಿದ್ದು ಶುಶ್ರೂಷೆ ಮಾಡುವವರು, ಇಂದಿನ ದಾದಿಯರು. ಅವರಿಗೆ ಬೇಕಾದ ಗುಣಗಳು ನಾಲ್ಕೆಂದು ಚರಕಸಂಹಿತೆ ಎಣಿಸುತ್ತದೆ: ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ವೈದ್ಯನಿಗೆ ಹೇಳಿದ ಗುಣಗಳ ಪಟ್ಟಿಯಲ್ಲಿ ಅನುರಾಗವನ್ನು ಎಣಿಸಿಲ್ಲ. ದಾದಿಯ ಪಟ್ಟಿಯಲ್ಲಿ ಎಣಿಸಿದೆ. ಹೆಣ್ಣುಮಗಳೊಬ್ಬಳು ವೈದ್ಯನೆದುರು ಹೇಳದುದನ್ನು ದಾದಿಯೆದುರು ಹೇಳುವುದು ಏಕೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಗಂಡನಾಗಲಿ ರಕ್ಷಕರಾಗಲಿ ಸನ್ನಿಧಿಯಲ್ಲಿಲ್ಲದ ಸ್ತ್ರೀಯರಿಗೆ ಚಿಕಿತ್ಸೆ ಮಾಡಬಾರದೆಂಬ ಕಟ್ಟಳೆಯೂ ಅದೇ ಸಂಹಿತೆಯ ವಿಮಾನಸ್ಥಾನದ ಶಿಷ್ಯೋಪದೇಶದಲ್ಲಿದೆ. ಆ ಕಾಲದಲ್ಲಿ ಅದು ಸ್ತ್ರೀಯ ಮಾನರಕ್ಷಣೆಗಾಗಿ ಹುಟ್ಟಿದ ನಿಯಮವಾಗಿದ್ದಿರಬಹುದು. ಆದರೆ ರಕ್ಷಕನೇ ಹೊಡೆಯುವವನಾಗಿರುವಾಗ ಅದನ್ನು ಪಾಲಿಸುವುದೆಂದರೆ ರೋಗಿಯ ಬಾಯಿ ಮುಚ್ಚಿಸಿದಂತೆ. ನಾನು ನಾಲ್ಕು ಸಲ ಮಾಡಿದ್ದು ಅದನ್ನೇ. ಶಾಸ್ತ್ರವನ್ನು ಗೌರವಿಸುವವರು ಅದರ ಆಶಯವನ್ನು ಉಳಿಸಿಕೊಂಡು ಕಾಲಕ್ಕೆ ಹೊಂದದ ಕಟ್ಟಳೆಯನ್ನು ಬಿಡಬೇಕಾಗುತ್ತದೆ. ರೋಗಿಯ ಮನೆಯ ವೃತ್ತಾಂತವನ್ನು ಹೊರಗೆ ಹೇಳಬಾರದೆಂಬ ಮಾತೂ ಆ ಉಪದೇಶದಲ್ಲಿಯೇ ಇದೆ. ಅದನ್ನು ಮಾತ್ರ ದಾದಿಯರು ಇಂದಿಗೂ ಕಣ್ಣಿಗೊತ್ತಿಕೊಂಡು ಪಾಲಿಸಬೇಕು; ಏಕೆಂಬುದು ಮುಂದೆ ತಿಳಿಯುತ್ತದೆ.

ದರ್ಶನ, ಸ್ಪರ್ಶನ, ಪ್ರಶ್ನ

ರೋಗಿಯನ್ನು ಪರೀಕ್ಷಿಸುವ ಮೂರು ಮಾರ್ಗಗಳು ಇವು. ದಾದಿಗೂ ಇವೇ ಸಾಕು.

ಮೊದಲನೆಯದು ದರ್ಶನ. ಕೆಲಸದಿಂದ ಆಗುವ ಗಾಯ ಯಾವುದೆಂದು ಕಾರ್ಖಾನೆಯ ದಾದಿಗೆ ಚೆನ್ನಾಗಿ ಗೊತ್ತು. ಹೊಲಿಗೆಯ ಯಂತ್ರ ಬೆರಳಿಗೆ ಸೂಜಿ ಚುಚ್ಚುತ್ತದೆ, ಕತ್ತರಿ ಅಂಗೈ ಕೊಯ್ಯುತ್ತದೆ, ಇಸ್ತ್ರಿಪೆಟ್ಟಿಗೆ ಮುಂಗೈ ಸುಡುತ್ತದೆ. ತೋಳಿನ ಒಳಭಾಗದಲ್ಲಿ ನಾಲ್ಕು ಬೆರಳಿನ ಗುರುತು ಮೂಡುವುದು, ಕಣ್ಣಿನ ಸುತ್ತ ಕಪ್ಪಾಗುವುದು, ಕುತ್ತಿಗೆ ಕೆಂಪಾಗುವುದು ಯಂತ್ರದಿಂದಲ್ಲ. ಮುಖಕ್ಕೆ ಬೀಳುವ ಏಟನ್ನು ತಡೆಯಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಹೊರಬದಿಯಲ್ಲಿ ಬಾವು ಬರುತ್ತದೆ. ಹಳೆಯದೂ ಹೊಸದೂ ಒಟ್ಟಿಗೆ ಕಾಣುವ ಗಾಯಗಳು, ಬಚ್ಚಲಲ್ಲಿ ಜಾರಿದೆನೆಂಬ ಒಂದೇ ವಿವರಣೆ ಮತ್ತೆ ಮತ್ತೆ ಬರುವುದು, ಗಾಯಕ್ಕೂ ಹೇಳಿದ ಕಾರಣಕ್ಕೂ ತಾಳೆಯಾಗದಿರುವುದು, ಎರಡು ದಿನ ಬಿಟ್ಟು ತೋರಿಸಲು ಬರುವುದು ಎಲ್ಲವೂ ಗಮನಕ್ಕೆ ಬರಬೇಕಾದ ಲಕ್ಷಣಗಳು.

ಎಲ್ಲ ಹಿಂಸೆಯೂ ಮೈಮೇಲೆ ಕಾಣುವುದಿಲ್ಲ. ಪರೀಕ್ಷೆಗಳಲ್ಲಿ ಕಾರಣ ಸಿಗದ ತಲೆನೋವು, ಕಿಬ್ಬೊಟ್ಟೆಯ ನೋವು, ಬೆನ್ನುನೋವು, ನಿದ್ರಾನಾಶ, ಎದೆಬಡಿತ, ಪದೇ ಪದೇ ಗರ್ಭಪಾತ ಇವುಗಳ ಹಿಂದೆಯೂ ಭಯ ಅಡಗಿರಬಹುದು. ದಿನಕ್ಕೆ ಹತ್ತು ಸಲ ಬರುವ ಗಂಡನ ಫೋನು, ಸಂಜೆ ಗೇಟಿನ ಬಳಿ ಕಾದು ನಿಂತು ಸಹೋದ್ಯೋಗಿಗಳೊಡನೆ ಮಾತನಾಡಲೂ ಬಿಡದಿರುವುದು, ಸಂಬಳದ ದಿನ ಕಳೆದರೂ ಚಹಾಕ್ಕೆ ಕಾಸಿಲ್ಲದಿರುವುದು, ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿರುವುದು ಇವೂ ಹಿಂಸೆಯ ರೂಪಗಳೇ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆಗಾಗಿ ಬಂದ 2005ರ ಕಾಯ್ದೆಯು ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ ಹಿಂಸೆ, ಮಾತಿನಿಂದಲೂ ಭಾವನೆಗೆ ಘಾಸಿಯಿಂದಲೂ ಆಗುವ ಹಿಂಸೆ, ಆರ್ಥಿಕ ಹಿಂಸೆ ಈ ಮೂರನ್ನೂ ದೌರ್ಜನ್ಯವೆಂದೇ ಪರಿಗಣಿಸಿದೆ.

ಎರಡನೆಯದು ಸ್ಪರ್ಶನ. ಮುಟ್ಟುವ ಮೊದಲು ಅನುಮತಿ ಕೇಳಬೇಕು. ತನ್ನ ಮೈಯ ಮೇಲೆ ತನಗೇ ಅಧಿಕಾರವಿಲ್ಲದಂತೆ ಬದುಕುತ್ತಿರುವವಳಿಗೆ “ನೋಡಲಾ?” ಎಂಬ ಒಂದು ಮಾತು ಎಷ್ಟೋ ಧೈರ್ಯ ಕೊಡುತ್ತದೆ. ರಕ್ತದೊತ್ತಡದ ಪಟ್ಟಿ ಕಟ್ಟಲು ಕೈ ಎತ್ತಿದಾಗ ಆಕೆ ತಟ್ಟನೆ ಬೆಚ್ಚಿ ಹಿಂದೆ ಸರಿದರೆ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮೂರನೆಯದು ಪ್ರಶ್ನ. ಇದೇ ಎಲ್ಲಕ್ಕಿಂತ ಕಠಿಣವಾದುದು. ಕೊಠಡಿಯಲ್ಲಿ ಇಬ್ಬರೇ ಇರಬೇಕು, ಬಾಗಿಲು ಮುಚ್ಚಿರಬೇಕು. ಜೊತೆಗೆ ಬಂದ ಗೆಳತಿಯನ್ನೂ ಹೊರಗೆ ಕೂರಿಸಬೇಕು. ಆಕೆ ಗಂಡನ ಸಂಬಂಧಿಯೇ ಆಗಿರಬಹುದು. ಲಕ್ಷಣ ಕಂಡವರನ್ನು ಕೇಳಿದರೆ ಸಾಕು. ‘ನಿನ್ನ ಗಂಡ ಹೊಡೀತಾನಾ?’ ಎಂದು ಮುಖಕ್ಕೆ ಹೊಡೆದಂತೆ ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ನಾನು ಹೇಳಿದ ಆ ದಾದಿ ಕೇಳುತ್ತಿದ್ದ ರೀತಿ ಹೀಗಿತ್ತು: “ನೋಡಮ್ಮಾ, ಇಂಥ ಬಾವು ಇಟ್ಕೊಂಡು ಬರೋ ಎಷ್ಟೋ ಜನಕ್ಕೆ ಮನೇಲಿ ತೊಂದರೆ ಇರುತ್ತೆ. ಅದಕ್ಕೇ ನಾನು ಕೇಳ್ತೀನಿ. ನಿನಗೆ ಮನೇಲಿ ಯಾರದಾದ್ರೂ ಭಯ ಇದೆಯಾ?” ಉತ್ತರ ಬಾರದಿದ್ದರೆ ಒತ್ತಾಯಿಸಬಾರದು. “ಆಯ್ತು, ಯಾವಾಗ ಬೇಕಾದ್ರೂ ಬಾ” ಎಂದರೆ ಸಾಕು. ಮೊದಲ ಸಲ ಇಲ್ಲವೆಂದವಳು ಮೂರನೆಯ ಸಲ ಅತ್ತು ಹೇಳಬಹುದು. ಕೇಳಿಟ್ಟ ಪ್ರಶ್ನೆ ಆಕೆಯ ಮನಸ್ಸಿನಲ್ಲಿ ಉಳಿದಿರುತ್ತದೆ.

ಹೇಳಿದ ಮೇಲೆ

ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯ ಸಿಬ್ಬಂದಿಗೆ ಐದು ಹೆಜ್ಜೆಗಳನ್ನು ಕಲಿಸುತ್ತದೆ: ಸಮಾಧಾನದಿಂದ ಆಲಿಸುವುದು, ಆಕೆಗೆ ಏನು ಬೇಕೆಂದು ವಿಚಾರಿಸುವುದು, ಆಕೆಯ ಮಾತನ್ನು ನಂಬುವುದು, ಸುರಕ್ಷತೆಯನ್ನು ಯೋಚಿಸುವುದು, ನೆರವಿನ ದಾರಿಗೆ ಜೋಡಿಸುವುದು. ‘ಇದು ನಿನ್ನ ತಪ್ಪಲ್ಲ’ ಎಂಬ ಮಾತನ್ನು ದಾದಿ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಹೆಣ್ಣುಮಕ್ಕಳು ಅದನ್ನು ಜೀವನದಲ್ಲಿ ಮೊದಲ ಬಾರಿಗೆ ಕೇಳುವುದು ಅಲ್ಲಿಯೇ.

ಮಾಡಬಾರದ ಕೆಲಸಗಳೂ ಇವೆ. ‘ಇಷ್ಟಾದರೂ ಅಲ್ಲೇ ಯಾಕಿದ್ದೀಯ?’ ಎನ್ನಬಾರದು. ಗಂಡನನ್ನು ಕರೆಸಿ ಬುದ್ಧಿ ಹೇಳಲು ಹೋಗಬಾರದು. ಹೆಂಡತಿ ಹೊರಗೆ ಹೇಳಿದಳೆಂಬ ಸಿಟ್ಟು ಆ ರಾತ್ರಿಯೇ ಆಕೆಯ ಮೇಲೆ ತಿರುಗುತ್ತದೆ. ಸೂಪರ್‌ವೈಸರಿಗಾಗಲಿ ಕಚೇರಿಗಾಗಲಿ ಆಕೆಯ ಒಪ್ಪಿಗೆಯಿಲ್ಲದೆ ತಿಳಿಸಬಾರದು. ಒಂದು ಲೈನಿನಲ್ಲಿ ಬಿದ್ದ ಮಾತು ಊಟದ ಗಂಟೆ ಹೊಡೆಯುವಷ್ಟರಲ್ಲಿ ಇಡೀ ಕಾರ್ಖಾನೆಯನ್ನು, ಸಂಜೆಯ ವ್ಯಾನಿನಲ್ಲಿ ಆಕೆಯ ಊರನ್ನೂ ತಲಪುತ್ತದೆ. ಚರಕರ ಗೌಪ್ಯದ ಉಪದೇಶ ಇಂದಿಗೂ ಜೀವರಕ್ಷಕವೆಂದು ನಾನು ಹೇಳಿದ್ದು ಇದಕ್ಕೇ. ದೂರು ಕೊಡಲೇಬೇಕೆಂದೂ, ಮನೆ ಬಿಡಲೇಬೇಕೆಂದೂ ಒತ್ತಾಯಿಸಬಾರದು. ಬಿಟ್ಟು ಹೊರಡುವ ಸಮಯವೇ ಬಹಳಷ್ಟು ಸಲ ಅತ್ಯಂತ ಅಪಾಯದ ಸಮಯ. ಯಾವಾಗ, ಹೇಗೆ ಎಂಬ ತೀರ್ಮಾನ ಆಕೆಯದು.

ಕೆಲವು ಲಕ್ಷಣಗಳನ್ನು ಕಂಡರೆ ಮಾತ್ರ ತಡಮಾಡಬಾರದು. ಕುತ್ತಿಗೆ ಹಿಸುಕಿದನೆಂದು ಆಕೆ ಹೇಳಿದರೆ, ಧ್ವನಿ ಒಡೆದಿದ್ದರೆ, ನುಂಗಲು ಕಷ್ಟವಾಗಿದ್ದರೆ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆಗಳಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಒಳಗಿನ ಬಾವು, ರಕ್ತನಾಳದ ಗಾಯ ಗಂಟೆಗಳ ನಂತರವೂ ಪ್ರಾಣ ತೆಗೆಯಬಲ್ಲವು. ಇಂಥ ಸಂದರ್ಭದಲ್ಲಿ ನನ್ನಂಥ ಆಯುರ್ವೇದ ವೈದ್ಯನ ಬಳಿಗೆ ಕರೆತರುವುದೂ ಕಾಲಹರಣವೇ. ಗರ್ಭಿಣಿಯ ಮೇಲೆ ಹಲ್ಲೆ, ಆಯುಧ ತೋರಿಸಿದ್ದು, ಕೊಲ್ಲುವೆನೆಂಬ ಬೆದರಿಕೆ, ದಿನದಿನಕ್ಕೆ ಹೆಚ್ಚುತ್ತಿರುವ ಹೊಡೆತ, ಆಕೆಯೇ ಸಾಯುವ ಮಾತನಾಡುವುದು ಇವೂ ತುರ್ತಿನವು. ಆಗ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.

ತುರ್ತಿಲ್ಲದಿರುವಾಗ ಆಕೆಯೊಡನೆ ಕುಳಿತು ಒಂದು ಸಣ್ಣ ಯೋಜನೆ ಮಾಡಿಕೊಳ್ಳಬಹುದು. ರಾತ್ರಿ ಜಗಳ ಶುರುವಾದರೆ ಅಡುಗೆಮನೆಯ ಕಡೆ ಹೋಗದೆ ಹೊರಬಾಗಿಲಿನ ಕಡೆ ಸರಿಯುವುದು, ನಂಬಿಕೆಯ ನೆರೆಮನೆಯವರಿಗೆ ಒಂದು ಸಂಕೇತ ಹೇಳಿಟ್ಟಿರುವುದು, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪತ್ರ ಇವುಗಳ ಪ್ರತಿಗಳನ್ನು ಮನೆಯಿಂದ ಹೊರಗೆ ಇಟ್ಟಿರುವುದು, ಸಹಾಯವಾಣಿಯ ಸಂಖ್ಯೆಯನ್ನು ಫೋನಿನಲ್ಲಿ ಬೇರೆ ಹೆಸರಿನಲ್ಲಿ ಬರೆದುಕೊಳ್ಳುವುದು. ಕರಪತ್ರ ಕೊಟ್ಟು ಕಳುಹಿಸಬಾರದು. ಅದು ಚೀಲದಲ್ಲಿ ಸಿಕ್ಕರೆ ಮತ್ತೊಂದು ಪೆಟ್ಟಿಗೆ ಕಾರಣವಾಗುತ್ತದೆ.

ದಾದಿಯ ಬರವಣಿಗೆಯೂ ಮುಖ್ಯ. ದಿನಾಂಕ, ಸಮಯ, ಗಾಯ ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಸ್ಪಷ್ಟವಾಗಿ ದಾಖಲಿಸಬೇಕು. ಆಕೆ ಹೇಳಿದ ಮಾತನ್ನು ಆಕೆಯ ಮಾತಿನಲ್ಲೇ ಬರೆಯಬೇಕು. ಬಾವಿನ ಬಣ್ಣ ನೋಡಿ ಇಷ್ಟೇ ದಿನದ್ದೆಂದು ಊಹಿಸಿ ಬರೆಯಬಾರದು. ಆ ಲೆಕ್ಕ ನಂಬಲರ್ಹವಲ್ಲ. ಈ ಪುಸ್ತಕ ಬೀಗದೊಳಗಿರಬೇಕು. ಎಂದಾದರೂ ಆಕೆ ನ್ಯಾಯಾಲಯದ ಮೆಟ್ಟಿಲೇರಿದರೆ, ಅಂದು ಬರೆದಿಟ್ಟ ನಾಲ್ಕು ಸಾಲು ಆಕೆಯ ಪರವಾಗಿ ಸಾಕ್ಷಿ ನುಡಿಯುತ್ತವೆ.

ಕಾನೂನಿನ ಆಸರೆ

2005ರ ಕಾಯ್ದೆಯ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಅದು ಗಂಡನನ್ನು ಜೈಲಿಗೆ ಹಾಕಿಸುವ ಕಾಯ್ದೆಯೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಹೊಡೆತವನ್ನು ನಿಲ್ಲಿಸುವ ಕಾಯ್ದೆ. ಮ್ಯಾಜಿಸ್ಟ್ರೇಟರು ಹಿಂಸೆ ಮಾಡಕೂಡದೆಂದು ರಕ್ಷಣಾದೇಶ ಕೊಡಬಹುದು, ಆಕೆಯನ್ನು ಮನೆಯಿಂದ ಹೊರಹಾಕಬಾರದೆಂದು ಆದೇಶಿಸಬಹುದು, ಜೀವನಾಂಶ ಕೊಡಿಸಬಹುದು. ರಕ್ಷಣಾದೇಶವನ್ನು ಮೀರಿದಾಗ ಮಾತ್ರ ಈ ಕಾಯ್ದೆಯಡಿ ಶಿಕ್ಷೆಯ ಮಾತು ಬರುತ್ತದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳನ್ನಾಗಿ ನೇಮಿಸಲಾಯಿತು. 2015ರಿಂದ ‘ಸಖಿ’ ಎಂಬ ಹೆಸರಿನ ಕೇಂದ್ರಗಳು ಆರಂಭವಾಗಿದ್ದು, ಚಿಕಿತ್ಸೆ, ಕಾನೂನು ಸಲಹೆ, ಆಪ್ತಸಮಾಲೋಚನೆ, ತಾತ್ಕಾಲಿಕ ಆಶ್ರಯ ಒಂದೇ ಕಡೆ ಸಿಗುತ್ತವೆ. ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯ ಹೊಣೆಯೂ ಬರುವುದಿಲ್ಲ. ದಾದಿಯರು ಈ ಒಂದು ಅಂಶವನ್ನು ತಿಳಿದಿದ್ದರೆ ಅವರ ಅರ್ಧ ಭಯ ಕಳೆಯುತ್ತದೆ.

ಆರೋಗ್ಯ ಸಿಬ್ಬಂದಿ ಈ ಕೆಲಸ ಮಾಡಬಲ್ಲರೆಂಬುದಕ್ಕೆ ನಿದರ್ಶನವಿದೆ. ಮುಂಬಯಿಯ ಬಾಂದ್ರಾದಲ್ಲಿರುವ ಮಹಾನಗರಪಾಲಿಕೆಯ ಭಾಭಾ ಆಸ್ಪತ್ರೆಯಲ್ಲಿ 2000ರಲ್ಲಿ ‘ದಿಲಾಸಾ’ ಎಂಬ ವಿಭಾಗ ಆರಂಭವಾಯಿತು. ಗಾಯಕ್ಕೆ ಪಟ್ಟಿ ಕಟ್ಟುವ ದಾದಿಯರೂ ವೈದ್ಯರೂ ಲಕ್ಷಣಗಳನ್ನು ಗುರುತಿಸಿ ಅದೇ ಆಸ್ಪತ್ರೆಯ ಆಪ್ತಸಮಾಲೋಚಕರ ಬಳಿಗೆ ಕಳುಹಿಸುವ ಕ್ರಮ ಅಲ್ಲಿ ಬೆಳೆಯಿತು. ಸರ್ಕಾರಿ ಆಸ್ಪತ್ರೆಯ ಜನಜಂಗುಳಿಯಲ್ಲಿ ಸಾಧ್ಯವಾದುದು ಕಾರ್ಖಾನೆಯ ಕೊಠಡಿಯಲ್ಲಿ ಏಕೆ ಸಾಧ್ಯವಾಗಬಾರದು?

ದಾದಿಯ ಹಿಂದೆ ಯಾರು?

ಎಲ್ಲ ಭಾರವನ್ನೂ ದಾದಿಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಕಾರ್ಖಾನೆಯ ದಾದಿ ಬಹಳ ಕಡೆ ಗುತ್ತಿಗೆಯ ಮೇಲಿರುವ, ಅಲ್ಪ ಸಂಬಳದ ಉದ್ಯೋಗಿ. ರೋಗಿಯನ್ನು ಹತ್ತು ನಿಮಿಷ ಕೂರಿಸಿಕೊಂಡರೆ ‘ಟಾರ್ಗೆಟ್ ಹೋಯ್ತು’ ಎಂದು ಸೂಪರ್‌ವೈಸರ್ ಬಾಗಿಲು ಬಡಿಯುತ್ತಾನೆ. ಆಕೆಯೂ ಒಂದು ಮನೆಯ ಸೊಸೆ. ತನ್ನ ಮನೆಯಲ್ಲಿ ಆಕೆಯೂ ಇದನ್ನೇ ಅನುಭವಿಸುತ್ತಿರಬಹುದು. ದಿನವೂ ಇಂಥ ಕಥೆಗಳನ್ನು ಕೇಳಿ ಮನೆಗೆ ಹೋಗುವ ಮನಸ್ಸಿಗೂ ಆಸರೆ ಬೇಕು.

ಶ್ರೀಮಠದ ಭಕ್ತರಲ್ಲಿ ಉದ್ಯಮಿಗಳಿದ್ದೀರಿ. ಗಿರಣಿ, ಗಾರ್ಮೆಂಟ್ಸ್, ಶಾಲೆ, ಆಸ್ಪತ್ರೆಗಳನ್ನು ನಡೆಸುವವರಿದ್ದೀರಿ. ತಮ್ಮಲ್ಲಿ ನನ್ನ ವಿನಂತಿಗಳು ಇಷ್ಟೇ. ದಾದಿಯ ಕೊಠಡಿಗೆ ಒಳಗಿನಿಂದ ಚಿಲಕ ಹಾಕುವ ಬಾಗಿಲೊಂದನ್ನು ಇಡಿಸಿ. ವರ್ಷಕ್ಕೊಮ್ಮೆಯಾದರೂ ಸಂರಕ್ಷಣಾಧಿಕಾರಿಯನ್ನು ಕರೆಸಿ ದಾದಿಗೆ ತರಬೇತಿ ಕೊಡಿಸಿ. ಗಾಯಗೊಂಡ ಹೆಣ್ಣುಮಗಳು ಎರಡು ದಿನ ಬಾರದಿದ್ದರೆ ಕೆಲಸದಿಂದ ತೆಗೆಯಬೇಡಿ. ಆ ಸಂಬಳವೇ ಆಕೆಯ ಕೈಯಲ್ಲಿರುವ ಒಂದೇ ಊರುಗೋಲು. ಸಂಬಳ ಆಕೆಯ ಸ್ವಂತ ಖಾತೆಗೇ ಹೋಗುವಂತೆ ನೋಡಿಕೊಳ್ಳಿ. ಬೇಡಿದರೆ ಪಾಳಿಯನ್ನೋ ವ್ಯಾನನ್ನೋ ಕಾರಣ ಕೆದಕದೆ ಬದಲಿಸಿಕೊಡಿ. ಗೇಟಿನ ಕಾವಲುಗಾರನಿಗೆ, ಯಾರೇ ಬಂದು ಕೇಳಿದರೂ ಆಕೆ ಒಳಗಿದ್ದಾಳೋ ಇಲ್ಲವೋ ಎಂದು ಹೇಳಬಾರದೆಂದು ತಿಳಿಸಿ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ.

ಕೆಲವು ಹಿರಿಯರು ನನ್ನನ್ನು ಕೇಳಿದ್ದುಂಟು: “ಡಾಕ್ಟ್ರೇ, ದಾದಿ ಹೀಗೆಲ್ಲ ಕೇಳುತ್ತ ಹೋದರೆ ಸಂಸಾರಗಳು ಒಡೆಯುವುದಿಲ್ಲವೆ?” ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಂಸಾರ ಉಳಿಯಬೇಕೆಂಬ ಆಸೆ ನನಗೂ ಇದೆ. ಪೆಟ್ಟು ತಿನ್ನುವ ಹೆಣ್ಣಿಗಂತೂ ಎಲ್ಲರಿಗಿಂತ ಹೆಚ್ಚಾಗಿರುತ್ತದೆ. ಆದರೆ ಪೆಟ್ಟು ಬಿದ್ದ ದಿನವೇ ಆ ಸಂಸಾರದಲ್ಲಿ ಬಿರುಕು ಬಿಟ್ಟಿರುತ್ತದೆ. ವೈದ್ಯನು ಹುಣ್ಣನ್ನು ನೋಡಿದ್ದರಿಂದ ಹುಣ್ಣು ಹುಟ್ಟಲಿಲ್ಲ. ಸುಳ್ಳು ದೂರುಗಳ ಮಾತನ್ನೂ ಎತ್ತುತ್ತಾರೆ. ದಾದಿ ನ್ಯಾಯಾಧೀಶೆಯಲ್ಲ, ಯಾರನ್ನೂ ಅಪರಾಧಿಯೆಂದು ನಿರ್ಣಯಿಸುವುದು ಆಕೆಯ ಕೆಲಸವಲ್ಲ. ಎದುರಿಗಿರುವ ಗಾಯವನ್ನು ನೋಡಿ, ಕೇಳಿ, ಬರೆದಿಟ್ಟು, ದಾರಿ ತೋರಿಸುವುದಷ್ಟೇ ಆಕೆಯ ಕೆಲಸ.

ನಮ್ಮ ಮನೆಗಳ ಪಂಚಾಯಿತಿಗಳಲ್ಲಿ ಹಿರಿಯರಾಗಿ ಕೂರುವವರಲ್ಲಿಯೂ ಒಂದು ಮಾತು. ‘ಹೊಂದಿಕೊಂಡು ಹೋಗಮ್ಮ’ ಎಂಬುದು ನಾವು ಸುಲಭವಾಗಿ ಕೊಡುವ ಔಷಧ. ನಾನೂ ಕೊಟ್ಟಿದ್ದೇನೆ. ಇನ್ನು ಮುಂದೆ ಆ ಮಾತನ್ನು ಹೇಳುವ ಮೊದಲು ಆ ಹೆಣ್ಣುಮಗಳನ್ನು ಒಬ್ಬಳನ್ನೇ ಕೂರಿಸಿ, ತಮ್ಮ ಮನೆಯ ಹಿರಿಯ ತಾಯಿಯಿಂದ ಕೇಳಿಸಿ. ಗಂಡನೆದುರಿಗೆ ಆಕೆ ಆಡಿದ ಮಾತು ಗಂಡನ ಮಾತೇ ಆಗಿರುತ್ತದೆ.

ನಾನು ಮೊದಲಿಗೆ ಹೇಳಿದ ಆ ಹೆಣ್ಣುಮಗಳು ಅಂದು ಮನೆಗೇ ಹೋದಳು. ದಾದಿ ತಡೆಯಲಿಲ್ಲ, ಸಂಖ್ಯೆಯೊಂದನ್ನು ‘ಟೈಲರಿಂಗ್ ಅಕ್ಕ’ ಎಂಬ ಹೆಸರಿನಲ್ಲಿ ಫೋನಿನಲ್ಲಿ ಬರೆದುಕೊಟ್ಟಳು. ಎಂಟು ತಿಂಗಳ ನಂತರ ಒಂದು ರಾತ್ರಿ ಆಕೆ ಆ ಸಂಖ್ಯೆಗೆ ಕರೆ ಮಾಡಿದಳು. ಮುಂದೆ ಸಂರಕ್ಷಣಾಧಿಕಾರಿಗಳ ಮೂಲಕ ಆದೇಶ ಪಡೆದಳು. ಈಗ ಇಬ್ಬರು ಮಕ್ಕಳೊಡನೆ ಬೇರೆಯಾಗಿದ್ದಾಳೆ. ಅದೇ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಎಡಗಿವಿ ಇಂದಿಗೂ ಪೂರ್ತಿ ಕೇಳಿಸುವುದಿಲ್ಲ. ವರ್ಷಕ್ಕೊಮ್ಮೆ ಮಕ್ಕಳ ಕೆಮ್ಮಿಗೋ ನೆಗಡಿಗೋ ನನ್ನಲ್ಲಿಗೆ ಬರುತ್ತಾಳೆ. ತಲೆನೋವಿಗೆಂದು ಮತ್ತೆ ಬಂದಿಲ್ಲ.

ಅಂದಿನಿಂದ ನನ್ನ ಚಿಕಿತ್ಸಾಲಯದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ. ಜೊತೆಗೆ ಯಾರೇ ಬಂದಿರಲಿ, ಪ್ರತಿಯೊಬ್ಬ ಹೆಣ್ಣುಮಗಳನ್ನೂ ಐದು ನಿಮಿಷ ನನ್ನ ಸಹಾಯಕಿಯೊಡನೆ ಪ್ರತ್ಯೇಕವಾಗಿ ಕೂರಿಸುತ್ತೇನೆ. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಯಾರಿಗೂ ಅನುಮಾನವಿಲ್ಲ. ಬಹುತೇಕರು ಆ ಐದು ನಿಮಿಷದಲ್ಲಿ ಮೊಣಕಾಲು ನೋವಿನ ಮಾತನ್ನೇ ಆಡುತ್ತಾರೆ. ಆಗೊಮ್ಮೆ ಈಗೊಮ್ಮೆ ಒಬ್ಬಳು ಬೇರೆ ಮಾತನಾಡುತ್ತಾಳೆ.